ಗ್ರೈಂಡರ್ ವೈರಿಗೆ ಟೇಪ್ ಸುತ್ತುವ ಮುನ್ನ

ನನ್ನ ಹತ್ತಿರ ನಾಲ್ಕಿಂಚಿನ ಒಂದು ಗ್ರೈಂಡರ್ ಇದೆ. ದೋಸೆ ಹಿಟ್ಟು ರುಬ್ಬುವುದಲ್ಲ, ಕಬ್ಬಿಣ ಕತ್ತರಿಸುವುದು. ಒಂದು ಸಲ ಹಳೇ ಗೇಟಿನ ತುಕ್ಕು ಹಿಡಿದ ಕೀಲು ಕತ್ತರಿಸುವಾಗ, ತಿರುಗುತ್ತಿದ್ದ ಡಿಸ್ಕ್ ಅದರದೇ ವೈರನ್ನು ಸವರಿಕೊಂಡು ಹೋಯಿತು. ಮೇಲಿನ ಸಿಪ್ಪೆ ಸೀಳಿ ಒಳಗಿನ ತಾಮ್ರ ಕಂಡಿತು. ಮಷಿನ್ ನಿಲ್ಲಲಿಲ್ಲ, ಕರೆಂಟ್ ಜಾಸ್ತಿಯಾದರೆ ಲೈನ್ ಕಡಿಯುವ ಎಂಸಿಬಿಯೂ ಬೀಳಲಿಲ್ಲ. ಸರಿ, ಕಪ್ಪು ಟೇಪ್ ನಾಲ್ಕು ಸುತ್ತು ಸುತ್ತಿ ಕೆಲಸ ಮುಗಿಸಿದೆ.

ಆ ಟೇಪ್ ಮಳೆಗಾಲದವರೆಗೂ ಹಾಗೇ ಇತ್ತು. ಆಗಸ್ಟಿನ ಒಂದು ದಿನ ಒದ್ದೆ ಅಂಗಳದಲ್ಲಿ ನಿಂತು, ಕಾಲಿಗೆ ತೊಡರಿದ ವೈರನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದೆ. ಟೇಪ್ ಜಾರಿತ್ತು. ಮೊಣಕೈವರೆಗೆ ಝುಮ್ ಅಂತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಬದುಕಿದೆ.

ಸಾವಿರಾರು ರೂಪಾಯಿ ಕೊಟ್ಟು ಮಷಿನ್ ತರುತ್ತೇವೆ. ಅದರಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ವೈರು ಮತ್ತು ಪ್ಲಗ್ಗು. ಎಲ್ಲಕ್ಕಿಂತ ಮೊದಲು ಹಾಳಾಗುವುದೂ ಅವೇ. ಆದರೂ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಹತ್ತು ರೂಪಾಯಿಯ ಟೇಪಿಗೆ ಜೀವ ಒಪ್ಪಿಸುತ್ತೇವೆ. ಡ್ರಿಲ್ಲಿಂಗ್ ಮಷಿನ್, ಮಾರ್ಬಲ್ ಕಟರ್, ಗ್ರೈಂಡರ್ ಇವುಗಳ ವೈರು ಹಾಳಾದಾಗ ಏನು ಮಾಡಬೇಕು ಅಂತ ನಾನು ಆ ಝುಮ್ ಆದ ಮೇಲೆ ಕಲಿತದ್ದು ಇಲ್ಲಿದೆ.

ಮೊದಲು ಪ್ಲಗ್ ಕೀಳಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಮನೆಗಳಲ್ಲಿ ವೈರಿಂಗ್ ಅದಲು ಬದಲಾಗಿ, ಸ್ವಿಚ್ಚು ಫೇಸಿನ (ಕರೆಂಟ್ ಬರುವ ವೈರಿನ) ಬದಲು ನ್ಯೂಟ್ರಲ್ಲಿಗೆ (ವಾಪಸ್ ಹೋಗುವ ವೈರಿಗೆ) ಬಿದ್ದಿರುತ್ತದೆ. ಆಗ ಸ್ವಿಚ್ ಆಫ್ ಇದ್ದರೂ ಮಷಿನಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಪ್ಲಗ್ ಕಿತ್ತು, ಕೆಲಸ ಮುಗಿಯುವವರೆಗೂ ಅದು ನಿಮ್ಮ ಕಣ್ಣೆದುರಿಗೇ ಇರುವಂತೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮನೆಯಲ್ಲಿ ಯಾರೋ ಒಬ್ಬರು "ಇದ್ಯಾಕೆ ಕಿತ್ತಿದೆ" ಅಂತ ಮತ್ತೆ ಚುಚ್ಚಿಬಿಡುತ್ತಾರೆ.

ತಾಮ್ರ ಹೊರಗೆ ಕಾಣುತ್ತಿದ್ದರೆ, ವೈರು ನೀರಲ್ಲಿ ಬಿದ್ದಿದ್ದರೆ, ಅಥವಾ ಪ್ಲಗ್ಗೇ ಕರಗಿ ಹೊಗೆಯಾಡುತ್ತಿದ್ದರೆ ಅದನ್ನು ಮುಟ್ಟಲೇಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡಿದ್ದರೂ ಅಷ್ಟೇ. ಅವರನ್ನು ಎಳೆಯಲು ಹೋಗಬೇಡಿ, ಮೇನ್ ಆಫ್ ಮಾಡಲು ಓಡಿ. ಮೇನ್ ದೂರ ಇದ್ದರೆ ಒಣಗಿದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ವೈರನ್ನು ತಳ್ಳಿ. ಆಮೇಲೆ 108ಕ್ಕೋ 112ಕ್ಕೋ ಫೋನ್ ಮಾಡಿ. ಉಸಿರಿಲ್ಲದಿದ್ದರೆ, ಆಂಬುಲೆನ್ಸ್ ಬರುವವರೆಗೂ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದಂತೆ ಜೋರಾಗಿ ಒತ್ತುತ್ತಿರಬೇಕು.

ಇಲ್ಲೊಂದು ತಪ್ಪು ನಂಬಿಕೆ ಇದೆ. "ನಮ್ಮನೇಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ತಾನೇ ಬೀಳುತ್ತೆ" ಅನ್ನುತ್ತಾರೆ. ಬೀಳುವುದಿಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಎಂಸಿಬಿ ಕಾಯುವುದು ವೈರನ್ನು. ನಮ್ಮನ್ನು ಕಾಯುವುದು, ಕರೆಂಟ್ ಸ್ವಲ್ಪ ಸೋರಿದರೂ ಲೈನ್ ಕಡಿಯುವ ಆರ್‌ಸಿಸಿಬಿ, ಅದೂ 30 ಮಿಲಿ ಆಂಪಿಯರಿನದು. ಮನೆಯ ಬೋರ್ಡಿನಲ್ಲಿ ಇದ್ದರೆ ಅದರ ಮೇಲೆ 'ಟಿ' ಅಂತ ಬರೆದ ಚಿಕ್ಕ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ, ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಬರೀ ಅಲಂಕಾರಕ್ಕಿದೆ ಅಂತ ಲೆಕ್ಕ.

ಎಲ್ಲಿ ಹಾಳಾಗಿದೆ ಅಂತ ಹುಡುಕುವುದು

ಪ್ಲಗ್ಗಿನಿಂದ ಶುರು ಮಾಡಿ ಮಷಿನಿನವರೆಗೆ ವೈರನ್ನು ಬೆರಳುಗಳ ನಡುವೆ ನಿಧಾನಕ್ಕೆ ಎಳೆಯಿರಿ. ಪ್ಲಗ್ ಕಿತ್ತಿದೆ ಅಂತ ಇನ್ನೊಂದು ಸಲ ನೋಡಿಕೊಂಡೇ ಎಳೆಯಿರಿ. ಮೊದಲು ಒಣ ಬಟ್ಟೆಯಲ್ಲಿ ಒರೆಸಿ. ಸಿಮೆಂಟ್ ಧೂಳು, ಗ್ರೀಸು ಮೆತ್ತಿದ ವೈರಿನಲ್ಲಿ ಸೀಳು ಕಾಣುವುದಿಲ್ಲ.

ವೈರು ನಡುವಿನಲ್ಲಿ ಹಾಳಾಗುವುದು ಡಿಸ್ಕ್ ತಗುಲಿದಾಗ, ಇಲಿ ಕಡಿದಾಗ ಅಥವಾ ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿದಾಗ. ಇದು ಕಣ್ಣಿಗೆ ಕಾಣುತ್ತದೆ. ಕಾಣದ ಕಾಯಿಲೆ ಇರುವುದು ಎರಡು ಕುತ್ತಿಗೆಗಳಲ್ಲಿ. ಒಂದು, ಪ್ಲಗ್ಗಿನಿಂದ ವೈರು ಹೊರಬರುವ ಜಾಗ. ಇನ್ನೊಂದು, ಮಷಿನಿನ ಹಿಡಿಕೆಯೊಳಗೆ ವೈರು ಹೋಗುವ ಜಾಗ, ಅಂದರೆ ರಬ್ಬರ್ ಕೊಳವೆ ಇರುವ ಕಡೆ. ಮಡಚಿ ಮಡಚಿ ಅಲ್ಲಿ ಒಳಗಿನ ತಾಮ್ರದ ಎಳೆಗಳು ಒಂದೊಂದೇ ತುಂಡಾಗುತ್ತವೆ. ಮೇಲಿನ ಸಿಪ್ಪೆ ಚೆನ್ನಾಗೇ ಇರುತ್ತದೆ. ಕೊನೆಗೆ ನಾಲ್ಕೈದು ಎಳೆ ಉಳಿದು, ಇಡೀ ಮಷಿನಿನ ಕರೆಂಟು ಅವುಗಳಲ್ಲೇ ಹರಿಯುತ್ತದೆ. ಆ ಜಾಗ ಬಿಸಿಯಾಗಿ ಮೆತ್ತಗಾಗುತ್ತದೆ. ಮುಟ್ಟಿದರೆ ಒಂದು ಕಡೆ ಬೆಂಡೆಕಾಯಿ ಹಾಗೆ ಮೆತ್ತಗೆ, ಪಕ್ಕದಲ್ಲಿ ಗಟ್ಟಿ ಅನಿಸಿದರೆ ಅನುಮಾನ ಪಡಿ.

"ವೈರನ್ನು ಹೀಗೆ ಎತ್ತಿ ಹಿಡಿದರೆ ಓಡುತ್ತೆ" ಅನ್ನುವ ಮಷಿನಿನ ರೋಗ ಇದೇ. ಹಾಗೆ ಎತ್ತಿ ಹಿಡಿದು ಕೆಲಸ ಮಾಡುವವರನ್ನು ಪ್ರತಿ ಕಟ್ಟಡದ ಕೆಲಸದಲ್ಲೂ ನೋಡಬಹುದು. ಪ್ಲಗ್ ಹಾಕಿಟ್ಟೇ ವೈರನ್ನು ಅಲುಗಾಡಿಸಿ ಪರೀಕ್ಷೆ ಮಾಡುವವರೂ ಇದ್ದಾರೆ. ಅದು ಬೇಡವೇ ಬೇಡ. ಒಳಗೆ ಕಿಡಿ ಹಾರುತ್ತಿರುವ ಜಾಗವನ್ನೇ ನೀವು ಕೈಯಲ್ಲಿ ಹಿಸುಕುತ್ತಿರುತ್ತೀರಿ.

ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ಬೀಪ್ ಬರುವ ಮೋಡಿನಲ್ಲಿಡಿ. ಪ್ಲಗ್ ಕಿತ್ತಿರುವಾಗ ಹಿಡಿಕೆಯ ಮುಚ್ಚಳ ಬಿಚ್ಚಿ, ಒಂದು ಕಡ್ಡಿಯನ್ನು ಪ್ಲಗ್ಗಿನ ಪಿನ್ನಿಗೆ, ಇನ್ನೊಂದನ್ನು ಒಳಗೆ ಅದೇ ವೈರು ಬಂದು ಸೇರುವ ಸ್ಕ್ರೂಗೆ ಇಡಿ. ಬೀಪ್ ಬರಬೇಕು. ಈಗ ವೈರನ್ನು ಕುತ್ತಿಗೆಯ ಹತ್ತಿರ ಬಗ್ಗಿಸುತ್ತಾ ಹೋಗಿ. ಬೀಪ್ ನಿಂತು ನಿಂತು ಬಂದರೆ ಅಲ್ಲೇ ಕಡಿದಿದೆ. ಎರಡೂ ವೈರಿಗೆ ಹೀಗೇ ಮಾಡಿ. ಮುಚ್ಚಳ ಬಿಚ್ಚದೆ, ಸ್ವಿಚ್ ಒತ್ತಿಕೊಂಡು ಎರಡು ಪಿನ್ನುಗಳ ನಡುವೆ ಮಾತ್ರ ನೋಡುವುದೂ ಉಂಟು. ಆದರೆ ವೇಗ ಹೆಚ್ಚು ಕಡಿಮೆ ಮಾಡುವ ಟ್ರಿಗರ್ ಇರುವ ಡ್ರಿಲ್ಲುಗಳಲ್ಲಿ ಎಲ್ಲಾ ಸರಿ ಇದ್ದರೂ ಮೀಟರ್ ಏನೂ ತೋರಿಸದೆ ಇರಬಹುದು. ಅದನ್ನು ನಂಬಿ ವೈರು ಹೋಗಿದೆ ಅಂದುಕೊಳ್ಳಬೇಡಿ.

ವೈರು ಪೂರ್ತಿ ಸರಿ ಇದ್ದೂ ಮಷಿನ್ ಓಡದಿದ್ದರೆ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿ. ಸವೆದು ಗಿಡ್ಡವಾಗಿರುತ್ತವೆ. ಅದು ಬೇರೆ ಕಥೆ.

ಟೆಸ್ಟರ್ ಬಗ್ಗೆ ಒಂದು ಮಾತು. ಟೆಸ್ಟರ್ ಉರಿದರೆ ಫೇಸ್ ಇದೆ ಅಂತ ಅರ್ಥ. ಉರಿಯದಿದ್ದರೆ ಕರೆಂಟ್ ಇಲ್ಲ ಅಂತ ಅರ್ಥ ಅಲ್ಲ, ಟೆಸ್ಟರೇ ಕೆಟ್ಟಿರಬಹುದು.

ಟೇಪ್ ಯಾಕೆ ಆಗುವುದಿಲ್ಲ

ಟೇಪಿನ ಅಂಟು ಬಿಸಿಲಿಗೆ, ಮಷಿನಿನ ಬಿಸಿಗೆ ಕರಗಿ ಜಾರುತ್ತದೆ. ಅದಕ್ಕೆ ಎಳೆತ ತಡೆಯುವ ಶಕ್ತಿಯೂ ಇಲ್ಲ. ಮನೆಯ ಗೋಡೆಯೊಳಗಿನ ವೈರು ಅಲುಗಾಡದೆ ಮಲಗಿರುತ್ತದೆ. ಗ್ರೈಂಡರ್ ವೈರು ದಿನವಿಡೀ ಎಳೆಸಿಕೊಂಡು, ತುಳಿಸಿಕೊಂಡು, ಜಲ್ಲಿ ಮೇಲೆ ಹರಿದಾಡುತ್ತದೆ.

ಕಡಿದ ವೈರನ್ನು ಹೊಸೆದು ಟೇಪ್ ಸುತ್ತುವುದು ಇನ್ನೂ ಕೆಟ್ಟದ್ದು. ಒಂದು ಲೆಕ್ಕ ನೋಡಿ. 1,300 ವ್ಯಾಟಿನ ಮಾರ್ಬಲ್ ಕಟರ್ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹೊಸೆದ ಜಾಯಿಂಟ್ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ತಡೆ ಬಂದರೂ, 6 ಗುಣಿಸು 6 ಗುಣಿಸು ಅರ್ಧ, ಒಟ್ಟು 18 ವ್ಯಾಟ್ ಶಾಖ ಆ ಒಂದಿಂಚಿನಲ್ಲೇ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದರ ತಮ್ಮನನ್ನು ಟೇಪಿನೊಳಗೆ ಮುಚ್ಚಿಟ್ಟ ಹಾಗಾಯಿತು, ಅಲ್ವಾ?

ಹಾಗಾಗಿ ನನ್ನ ನಿಯಮ ಸುಲಭ. ಕುತ್ತಿಗೆಯಲ್ಲಿ ಹಾಳಾಗಿದ್ದರೆ ಆ ಭಾಗವನ್ನು ಒಂದು ಗೇಣು ಕತ್ತರಿಸಿ ತೆಗೆದು, ಉಳಿದ ವೈರನ್ನೇ ಮತ್ತೆ ಕೂರಿಸುತ್ತೇನೆ. ನಡುವಿನಲ್ಲಿ ಹಾಳಾಗಿದ್ದರೆ ಪೂರ್ತಿ ವೈರು ಬದಲು. ಕತ್ತರಿಸಿದ ಮೇಲೆ ಒಂದೂವರೆ ಮೀಟರಿಗಿಂತ ಕಡಿಮೆ ಉಳಿದರೂ ಬದಲು. ಗಿಡ್ಡ ವೈರಿದ್ದರೆ ಎಕ್ಸ್‌ಟೆನ್ಶನ್ ಜೋಡಿಸಿದ ಜಾಗ ಏಣಿಯ ಮೇಲೆ ಗಾಳಿಯಲ್ಲಿ ಜೋತಾಡುತ್ತದೆ. ಮಷಿನ್ ವಾರಂಟಿಯಲ್ಲಿದ್ದರೆ ಸ್ಕ್ರೂ ಮುಟ್ಟದೆ ಸರ್ವಿಸ್ ಸೆಂಟರಿಗೆ ಕೊಡಿ. ನೀರಲ್ಲಿ ಮುಳುಗಿದ್ದು, ಒಳಗೆ ಸುಟ್ಟ ವಾಸನೆ ಬರುವುದು, ಮೈಯನ್ನು ಮುಟ್ಟಿದರೆ ಜುಮ್ಮೆನ್ನುವುದು ಇವೂ ಅಲ್ಲಿಗೇ ಹೋಗಬೇಕು. ಅವರ ಹತ್ತಿರ ಮೆಗ್ಗರ್ ಇರುತ್ತದೆ. ಅದು 500 ವೋಲ್ಟ್ ಕೊಟ್ಟು, ಕರೆಂಟ್ ಹೊರಗೆ ಸೋರದಂತೆ ತಡೆಯುವ ಇನ್ಸುಲೇಷನ್ ಪರೀಕ್ಷಿಸುತ್ತದೆ. ನಮ್ಮ ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಆ ಕೆಲಸ ಆಗುವುದಿಲ್ಲ.

ಪ್ಲಗ್ ಬದಲಿಸುವುದು

ಪ್ಲಗ್ ಕಪ್ಪಾಗಿದ್ದರೆ ಸಾಕೆಟನ್ನೂ ನೋಡಿ. ತಪ್ಪು ಬಹಳ ಸಲ ಸಾಕೆಟ್ಟಿನದು. ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿ, ಪಿನ್ನು ಬಿಸಿಯಾಗಿ ಸುಟ್ಟಿರುತ್ತದೆ. ಹೊಸ ಪ್ಲಗ್ ಹಾಕಿ ಅದೇ ಸಾಕೆಟ್ಟಿಗೆ ಚುಚ್ಚಿದರೆ ಅದೂ ಸುಡುತ್ತದೆ. ಸಾಕೆಟ್ ಬದಲಿಸುವುದು ಮನೆ ವೈರಿಂಗಿನ ಕೆಲಸ. ವೈರ್‌ಮನ್ ಪರ್ಮಿಟ್ ಇರುವವರನ್ನು ಕರೆಸಿ.

ನಮ್ಮಲ್ಲಿ ಪ್ಲಗ್ಗುಗಳು ಎರಡು ಅಳತೆ, 6 ಆಂಪಿಯರ್ ಮತ್ತು 16 ಆಂಪಿಯರ್. ಚಿಕ್ಕದಕ್ಕೆ ಲೆಕ್ಕದ ಪ್ರಕಾರ 1,380 ವ್ಯಾಟ್ ಗಡಿ. ಅದನ್ನು ದಾಟಿದ ಕಟರ್, ಕಾಂಕ್ರೀಟ್ ಒಡೆಯುವ ಹ್ಯಾಮರ್ ಮಷಿನ್, 14 ಇಂಚಿನ ಕಟಾಫ್ ಮಷಿನ್ ಇವಕ್ಕೆ ದೊಡ್ಡ ಪ್ಲಗ್ಗೇ ಬೇಕು. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 1293 ಅಂತ ಇರುವುದನ್ನು ತನ್ನಿ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯಲ್ಲಿ ಸಿಗದ್ದೇ ಇಲ್ಲ. ಬೇರೆ ಊರಿನವರಿಗೆ ಒಳ್ಳೆಯ ಎಲೆಕ್ಟ್ರಿಕಲ್ ಅಂಗಡಿ ಸಾಕು. ಪಿನ್ನುಗಳು ಗಟ್ಟಿ ಹಿತ್ತಾಳೆಯದಾಗಿರಲಿ. ಕೈಯಲ್ಲಿ ತೂಗಿದರೇ ಗೊತ್ತಾಗುತ್ತದೆ.

ಮಷಿನ್ ಜೊತೆ ಬಂದ ಪ್ಲಗ್ಗು ಸಾಮಾನ್ಯವಾಗಿ ವೈರಿನೊಂದಿಗೆ ಒಂದೇ ಅಚ್ಚಿನಲ್ಲಿ ಇರುತ್ತದೆ, ಬಿಚ್ಚಲು ಬರುವುದಿಲ್ಲ. ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಪ್ಲಗ್ಗನ್ನು ಸುಮ್ನೆ ಮೂಲೆಗೆ ಎಸೆಯಬೇಡಿ. ಗಿಡ್ಡ ವೈರು ನೇತಾಡುವ ಪ್ಲಗ್ಗನ್ನು ಮಕ್ಕಳು ಸಾಕೆಟ್ಟಿಗೆ ಚುಚ್ಚಿದರೆ ಕಥೆ ಮುಗಿಯಿತು. ಪಿನ್ನು ಬಗ್ಗಿಸಿ ಹಾಳು ಮಾಡಿ ಬಿಸಾಡಿ.

ಈಗ ಜೋಡಿಸುವುದು. ಮೊದಲು ಪ್ಲಗ್ಗಿನ ಮುಚ್ಚಳವನ್ನು ವೈರಿಗೆ ಪೋಣಿಸಬೇಕೋ ನೋಡಿಕೊಳ್ಳಿ. ಎಲ್ಲಾ ಬಿಗಿದ ಮೇಲೆ ಮುಚ್ಚಳ ನೆನಪಾಗಿ ಮತ್ತೆ ಬಿಚ್ಚುವ ಭಾಗ್ಯ ನನಗೆ ಎಷ್ಟೋ ಸಲ ಸಿಕ್ಕಿದೆ. ಮೇಲಿನ ದಪ್ಪ ಸಿಪ್ಪೆಯನ್ನು ಬೇಕಾದಷ್ಟೇ ಸುಲಿಯಿರಿ. ಪ್ಲಗ್ಗಿನ ಒಳಗಿರುವ ಕ್ಲಾಂಪು ಆ ದಪ್ಪ ಸಿಪ್ಪೆಯನ್ನೇ ಹಿಡಿಯಬೇಕು, ಒಳಗಿನ ಬಣ್ಣದ ವೈರುಗಳನ್ನಲ್ಲ. ಯಾರಾದರೂ ವೈರನ್ನು ಎಳೆದರೆ ಭಾರ ಬೀಳಬೇಕಾದದ್ದು ಕ್ಲಾಂಪಿನ ಮೇಲೆ.

ಬಣ್ಣಗಳ ವಿಷಯ. ಮಷಿನಿನ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಇದ್ದರೆ ಅದು ಅರ್ಥ್. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವ ವೈರಿನಲ್ಲಿ ಬಹಳ ಸಲ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಪ್ಲಗ್ಗಿನೊಳಗೆ ಎಲ್, ಎನ್, ಇ ಅಂತ ಅಕ್ಷರ ಇರುತ್ತದೆ. ಎಲ್‌ಗೆ ಫೇಸ್, ಎನ್‌ಗೆ ನ್ಯೂಟ್ರಲ್, ಇ ಅಂದರೆ ದಪ್ಪ ಉದ್ದ ಪಿನ್ನಿಗೆ ಅರ್ಥ್. ಎಡ ಬಲ ಲೆಕ್ಕ ಹಾಕಬೇಡಿ, ತಿರುಗಿಸಿ ಹಿಡಿದರೆ ತಲೆಕೆಳಗಾಗುತ್ತದೆ. ಅಕ್ಷರವನ್ನೇ ಓದಿ.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಬರುವಾಗ ಡ್ರಿಲ್ಲು ತಂದುಕೊಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ಅದಕ್ಕಿಂತ ಮುಖ್ಯವಾಗಿ ಅದು 120 ವೋಲ್ಟಿನದು. ಪ್ಲಗ್ ಬದಲಿಸಿ ಇಲ್ಲಿ ಹಾಕಿದರೆ ಮೋಟಾರ್ ಸುಟ್ಟುಹೋಗುತ್ತದೆ.

ತಾಮ್ರದ ಎಳೆಗಳನ್ನು ಹೊಸೆದು, ಸ್ಕ್ರೂ ಬಿಗಿಯುವ ದಿಕ್ಕಿನಲ್ಲೇ ಸುತ್ತಿ ಬಿಗಿಯಿರಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ಗಟ್ಟಿಯಾಗಲಿ ಅಂತ ತುದಿಗೆ ಸೋಲ್ಡರ್ ಹಾಕಬೇಡಿ. ಸೋಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಕೆಳಗೆ ದಿನ ಕಳೆದಂತೆ ಕುಗ್ಗಿ ಜಾಯಿಂಟ್ ಸಡಿಲವಾಗುತ್ತದೆ. ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಕ್ಲಾಂಪು ಕೈಕೊಟ್ಟು ವೈರು ಕಿತ್ತುಬಂದರೂ ಕೊನೆಗೆ ಕೀಳುವುದು ಅರ್ಥ್ ಆಗಿರಬೇಕು. ಪ್ಲಗ್ಗಿನ ಅರ್ಥ್ ಪಿನ್ನು ಉದ್ದ ಇರುವುದರ ಹಿಂದೆಯೂ ಇದೇ ಯೋಚನೆ ಇದೆ. ಚುಚ್ಚುವಾಗ ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಅದನ್ನು ಮುರಿದು ಎರಡು ಪಿನ್ ಸಾಕೆಟ್ಟಿಗೆ ಚುಚ್ಚುವ ಜಾಣರಿದ್ದಾರೆ. ಪ್ಲಗ್ಗೇ ಇಲ್ಲದೆ ಬರೀ ವೈರನ್ನು ತೂರಿಸಿ ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುವವರಂತೂ ಎಲ್ಲಾ ಕಡೆ ಸಿಗುತ್ತಾರೆ. ಅವರಿಗೆ ಈ ಲೇಖನ ಕಳಿಸಿ.

ಪೂರ್ತಿ ವೈರು ಬದಲಿಸುವುದು

ಮೊದಲು ಮಷಿನಿನ ಮೈಮೇಲಿನ ಪಟ್ಟಿ ಓದಿ. ಅಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಎರಡು ಪದರ ಇನ್ಸುಲೇಷನ್ ಇರುವ ಮಷಿನ್. ಈಗಿನ ಗ್ರೈಂಡರ್, ಡ್ರಿಲ್ಲುಗಳಲ್ಲಿ ಹೆಚ್ಚಿನವು ಹೀಗೇ. ಅವಕ್ಕೆ ಎರಡೇ ಕೋರ್ ವೈರು, ಅಂದರೆ ಸಿಪ್ಪೆಯೊಳಗೆ ಫೇಸ್ ಮತ್ತು ನ್ಯೂಟ್ರಲ್ ಮಾತ್ರ, ಅರ್ಥ್ ಇಲ್ಲ. "ಸೇಫ್ ಆಗಿರಲಿ" ಅಂತ ಮೂರನೇ ವೈರು ತಂದು ಗೇರಿನ ಲೋಹದ ಭಾಗಕ್ಕೆ ಕಟ್ಟಬೇಡಿ. ಆ ಮಷಿನಿನ ರಚನೆಯೇ ಬೇರೆ. ಆ ಗುರುತಿಲ್ಲದ, ಮೈಯೆಲ್ಲಾ ಲೋಹದ ಹಳೇ ಮಷಿನಿಗೆ ಮೂರು ಕೋರ್ ವೈರು ಬೇಕೇ ಬೇಕು. ಅದರ ಅರ್ಥ್ ವೈರು ಮೈಗೆ ಗಟ್ಟಿಯಾಗಿ ಕೂತಿರಬೇಕು.

ಎಷ್ಟು ದಪ್ಪ? ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 6 ಆಂಪಿಯರ್‌ವರೆಗೆ 0.75 ಚದರ ಮಿಲಿಮೀಟರ್, 10ರವರೆಗೆ 1, 16ರವರೆಗೆ 1.5. ಅಂಗಡಿಯಲ್ಲಿ "ಒಂದು ಎಸ್‌ಕ್ಯೂ ಎಂಎಂ" ಅಂತ ಕೇಳಿ. ನಾನು ಯಾವಾಗಲೂ ಒಂದು ಮೆಟ್ಟಿಲು ಮೇಲಿನದ್ದನ್ನೇ ತರುತ್ತೇನೆ, ಆದರೆ ಹಿಡಿಕೆಯ ರಬ್ಬರ್ ಕೊಳವೆಯಲ್ಲಿ ಅದು ತೂರಬೇಕು. ಮೇಲೆ ದುಂಡನೆಯ ದಪ್ಪ ಸಿಪ್ಪೆ ಇರುವ ಮೆತ್ತಗಿನ ಫ್ಲೆಕ್ಸಿಬಲ್ ವೈರೇ ಬೇಕು. ಸಿಕ್ಕರೆ ರಬ್ಬರಿನದು ಇನ್ನೂ ಒಳ್ಳೆಯದು. ಮನೆ ವೈರಿಂಗಿನ ಸಿಂಗಲ್ ವೈರು ಎರಡು ತಂದು ಹೊಸೆಯಬೇಡಿ. ಅದಕ್ಕೆ ಹೊರಗಿನ ಸಿಪ್ಪೆಯೇ ಇಲ್ಲ.

ಪ್ಲಗ್ ಕಿತ್ತು, ಹಿಡಿಕೆಯ ಸ್ಕ್ರೂಗಳನ್ನು ಬಿಚ್ಚಿ. ಏನನ್ನೂ ಮುಟ್ಟುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೂರು ಫೋಟೋ ಇರಲಿ, ಒಂದು ಮಸುಕಾಗಿಯೇ ಬರುತ್ತದೆ. ಹಳೇ ವೈರನ್ನು ಹಿಡಿದಿರುವ ಕ್ಲಾಂಪ್ ಬಿಚ್ಚಿ, ವೈರು ಸ್ವಿಚ್ಚಿಗೆ ಸೇರಿರುವ ಸ್ಕ್ರೂ ಸಡಿಲಿಸಿ ತೆಗೆಯಿರಿ. ಹೊಸ ವೈರಿಗೆ ಮೊದಲು ರಬ್ಬರ್ ಕೊಳವೆ ಪೋಣಿಸಿ. ಕೊಳವೆ ಬಿರುಕು ಬಿಟ್ಟಿದ್ದರೆ ಅದೂ ಹೊಸದು. ಕುತ್ತಿಗೆ ಮುರಿಯದ ಹಾಗೆ ಕಾಯುವುದು ಅದೇ. ಕೆಲವರು ಅದನ್ನು ಬಿಸಾಡಿ ವೈರನ್ನು ಗಂಟು ಹಾಕಿ ಒಳಗೆ ತುರುಕುತ್ತಾರೆ. ಆ ವೈರು ಬೇಗನೆ ಮತ್ತೆ ಕಡಿಯುತ್ತದೆ.

ಫೋಟೋ ನೋಡಿಕೊಂಡು ಅದೇ ಜಾಗಕ್ಕೆ ಜೋಡಿಸಿ, ಕ್ಲಾಂಪ್ ಬಿಗಿದು, ವೈರನ್ನು ಒಮ್ಮೆ ಗಟ್ಟಿಯಾಗಿ ಎಳೆದು ನೋಡಿ. ಮಿಸುಕಬಾರದು. ಮುಚ್ಚಳ ಕೂರಿಸುವಾಗ ಒಳಗಿನ ಸಣ್ಣ ವೈರುಗಳು ಅಂಚಿನಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಮುಚ್ಚಳ ಸುಲಭವಾಗಿ ಕೂರದಿದ್ದರೆ ಸ್ಕ್ರೂ ಬಿಗಿದು ಕೂರಿಸಲು ಹೋಗಬೇಡಿ. ಏನೋ ಸಿಕ್ಕಿದೆ.

ಕರೆಂಟ್ ಕೊಡುವ ಮುಂಚೆ ಮತ್ತೆ ಮೀಟರ್. ಫೇಸ್ ಪಿನ್ನಿನಿಂದ ಲೋಹದ ಮೈಗೆ ಬೀಪ್ ಬರಬಾರದು, ನ್ಯೂಟ್ರಲ್ ಪಿನ್ನಿನಿಂದಲೂ ಬರಬಾರದು. ಮೂರು ಕೋರಿನ ಮಷಿನಾದರೆ ಅರ್ಥ್ ಪಿನ್ನಿನಿಂದ ಮೈಗೆ ಬೀಪ್ ಬರಲೇಬೇಕು. ಎಲ್ಲಾ ಸರಿ ಇದ್ದರೆ ಡಿಸ್ಕ್ ಅಥವಾ ಬಿಟ್ ಬಿಚ್ಚಿಟ್ಟು, ಮಷಿನಿನ ಸ್ವಿಚ್ ಆಫ್ ಇದೆ ಅಂತ ನೋಡಿ, ಆರ್‌ಸಿಸಿಬಿ ಇರುವ ಲೈನಿನಲ್ಲಿ ಪ್ಲಗ್ ಹಾಕಿ. ಐದು ನಿಮಿಷ ಓಡಿಸಿ ನಿಲ್ಲಿಸಿ. ಪ್ಲಗ್ ಕಿತ್ತು ಪಿನ್ನು ಮತ್ತು ಎರಡೂ ಕುತ್ತಿಗೆ ಮುಟ್ಟಿ ನೋಡಿ. ಖಾಲಿ ಓಡಿಸಿದಾಗ ಅವು ಬಿಸಿಯಾಗಬಾರದು. ಬಿಸಿ ಇದ್ದರೆ ಎಲ್ಲೋ ಸ್ಕ್ರೂ ಸಡಿಲ. ಮೊದಲ ದಿನ ನಿಜವಾದ ಕೆಲಸ ಮಾಡಿದ ಮೇಲೂ ಒಮ್ಮೆ ಹೀಗೇ ಮುಟ್ಟಿ ನೋಡಿ.

ಎಕ್ಸ್‌ಟೆನ್ಶನ್ನು ಮತ್ತು ಇಲಿ

ಎಕ್ಸ್‌ಟೆನ್ಶನ್ ಬೋರ್ಡೂ ವೈರೇ, ಮೇಲಿನ ಮಾತೆಲ್ಲಾ ಅದಕ್ಕೂ ಸೇರಿದ್ದು. ಸುರುಳಿ ಸುತ್ತಿಟ್ಟೇ ದೊಡ್ಡ ಮಷಿನ್ ಓಡಿಸಬೇಡಿ. ಶಾಖ ಒಳಗೇ ಉಳಿದು ಸಿಪ್ಪೆ ಕರಗುತ್ತದೆ. ಪೂರ್ತಿ ಬಿಚ್ಚಿ. 30 ಮೀಟರ್ ಉದ್ದದ 1 ಚದರ ಮಿಲಿಮೀಟರ್ ವೈರಿನಲ್ಲಿ 10 ಆಂಪಿಯರ್ ಎಳೆದರೆ ಹತ್ತು ಹನ್ನೊಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಹಳ್ಳಿಯಲ್ಲಿ ಮೊದಲೇ ವೋಲ್ಟೇಜ್ ಕಡಿಮೆ ಇರುವಾಗ ಮಷಿನ್ ಮುಲುಗುತ್ತದೆ, ಬಿಸಿಯಾಗುತ್ತದೆ. ಉದ್ದ ಜಾಸ್ತಿ ಬೇಕಾದರೆ 2.5ರ ವೈರು ಹಾಕಿಸಿ.

ಇನ್ನು ಇಲಿ. ನಮ್ಮ ಕಡೆ ವೈರು ಹಾಳು ಮಾಡುವವರಲ್ಲಿ ಡಿಸ್ಕಿನ ನಂತರದ ಸ್ಥಾನ ಅದರದ್ದೇ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಮಷಿನಿನ ವೈರನ್ನು ಮಳೆಗಾಲ ಮುಗಿಯುವುದರೊಳಗೆ ಹಲ್ಲು ಮಸೆದು ಮುಗಿಸಿರುತ್ತದೆ. ನಾನೀಗ ಮುಚ್ಚಳ ಇರುವ ಹಳೇ ತಗಡಿನ ಡಬ್ಬದಲ್ಲಿ ಇಡುತ್ತೇನೆ. ವೈರನ್ನು ಮಷಿನಿಗೇ ಬಿಗಿಯಾಗಿ ಸುತ್ತುವುದಿಲ್ಲ, ಕುತ್ತಿಗೆ ಮುರಿಯುವುದು ಅಲ್ಲೇ. ದೊಡ್ಡ ಸುರುಳಿ ಮಾಡಿ ಪಕ್ಕದಲ್ಲಿ ಸಡಿಲವಾಗಿ ಇಡುತ್ತೇನೆ. ಹೊರಗೆ ತೆಗೆದಾಗಲೆಲ್ಲ, ಪ್ಲಗ್ ಹಾಕುವ ಮುಂಚೆ, ಬೆರಳುಗಳ ನಡುವೆ ಒಂದು ಸಲ ಪೂರ್ತಿ ಎಳೆಯುತ್ತೇನೆ. ಅರ್ಧ ನಿಮಿಷದ ಕೆಲಸ. ಹೋದ ತಿಂಗಳು ಹಾಗೆ ಎಳೆಯುವಾಗ ಎರಡು ಹಲ್ಲಿನ ಗುರುತು ಬೆರಳಿಗೆ ಸಿಕ್ಕಿತು. ಡಬ್ಬದ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ.